ಯಾವ ಜನ ಕಣಪ್ಪ? ಮೆಂಫಿಸ್‌ನ ಕಸದ ಮುಷ್ಕರ ಮತ್ತು ನಮ್ಮ ಮಾತುಕತೆಯ ಮೇಜು

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟ್. ಬಿಡುವು ಮಾಡ್ಕೊಂಡು ಓದಿ. ಯೂನಿಯನ್‌ನಲ್ಲಿ ಇರೋರಂತೂ ತಪ್ಪದೆ ಓದಿ.

ಹೋದ ವಾರ ಪೌರಕಾರ್ಮಿಕರ ಸಭೆಯೊಂದರಲ್ಲಿ ಕೂತಿದ್ದೆ. ಬೇಡಿಕೆ ಪಟ್ಟಿ ತಯಾರಾಗ್ತಾ ಇತ್ತು. ಡಿಗ್ರಿ ಮುಗಿಸಿರೋ ಹುಡುಗ ಒಬ್ಬ, ಅವರಮ್ಮ ಇಪ್ಪತ್ತು ವರ್ಷದಿಂದ ರಸ್ತೆ ಗುಡಿಸ್ತಿದ್ದಾರೆ, ಎದ್ದು ನಿಂತು ಕೇಳಿದ: "ಸರ್, ನಾವು ಕಸ ಎತ್ತೋದು ನಿಲ್ಲಿಸಿದ್ರೆ ಎರಡೇ ದಿನಕ್ಕೆ ಜನ ನಮ್ಮ ಮೇಲೇ ತಿರುಗಿ ಬೀಳ್ತಾರೆ. ಪೇಪರ್, ಟಿವಿ ಎಲ್ಲಾ ಬೈತವೆ. ಜನಾಭಿಪ್ರಾಯ ನಮ್ಮ ಕಡೆ ಇಲ್ದೆ ಮಾತುಕತೆಗೆ ಕೂತ್ರೆ ಏನು ಸಿಗುತ್ತೆ?"

ಪ್ರಶ್ನೆ ಸರಿಯಾಗೇ ಇತ್ತು. ನಾನು ಏನೋ ಹೇಳೋಕೆ ಬಾಯಿ ತೆಗೆಯೋದ್ರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಕ್ಕ, "ಯಾವ ಜನ ಕಣಪ್ಪ? ನಾವು ಜನ ಅಲ್ವಾ?" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತುಹೋಯ್ತು. ಇದೇ ಪ್ರಶ್ನೆಯನ್ನ 1968ರಲ್ಲಿ ಅಮೆರಿಕದ ಮೆಂಫಿಸ್ ಅನ್ನೋ ಊರಲ್ಲಿ 1,300 ಜನ ಕಸ ಎತ್ತೋ ಕರಿಯ ಕಾರ್ಮಿಕರು 65 ದಿನ ಬೀದಿಯಲ್ಲಿ ನಿಂತು ಕೇಳಿದ್ದರು. ಅವರಿಗೆ ಸಿಕ್ಕ ಉತ್ತರ ನಮಗೂ ಬೇಕು.

ಮೆಂಫಿಸ್ ಅಂದ್ರೆ ಮಿಸಿಸಿಪ್ಪಿ ನದಿ ದಂಡೆಯ ಹತ್ತಿ ವ್ಯಾಪಾರದ ಊರು. ಕಸ ಎತ್ತೋರು ಹೆಚ್ಚುಕಮ್ಮಿ ಎಲ್ಲರೂ ಕರಿಯರು, ಸೂಪರ್‌ವೈಸರ್‌ಗಳು ಬಿಳಿಯರು. ಮನೆಗಳ ಹಿತ್ತಲಿಗೆ ಹೋಗಿ, ಕಸವನ್ನ ದೊಡ್ಡ ಟಬ್ಬಿಗೆ ಸುರ್ಕೊಂಡು, ತಲೆ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕಿತ್ತು. ಟಬ್ಬು ತೂತಾಗಿದ್ರೆ ಕೊಳೆತ ನೀರು, ಹುಳ ಎಲ್ಲಾ ಮೈಮೇಲೆ. ನಮ್ಮಲ್ಲಿ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಲ ಹೊತ್ತ ತಲೆಗಳ ಮಕ್ಕಳು ಮೊಮ್ಮಕ್ಕಳು ನಾವು. ಸಂಬಳ ಗಂಟೆಗೆ ಎರಡು ಡಾಲರ್‌ಗೂ ಕಡಿಮೆ. ದಿನಪೂರ್ತಿ ದುಡಿದ್ರೂ ಎಷ್ಟೋ ಕುಟುಂಬಗಳು ಸರ್ಕಾರ ಬಡವರಿಗೆ ಕೊಡೋ ನೆರವಿಗೆ ಕೈಚಾಚಬೇಕಾದ ಸ್ಥಿತಿ. ಮಳೆ ಬಂದ್ರೆ ಕರಿಯರನ್ನ ಮನೆಗೆ ಕಳಿಸಿ ಕೂಲಿ ಕಡಿತ, ಬಿಳಿಯ ಸೂಪರ್‌ವೈಸರ್‌ಗೆ ಪೂರ್ತಿ ಸಂಬಳ.

1968ರ ಫೆಬ್ರವರಿ 1. ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನೋ ಇಬ್ಬರು ಮಳೆಯಿಂದ ತಪ್ಪಿಸಿಕೊಳ್ಳೋಕೆ ಲಾರಿಯ ಹಿಂಭಾಗದಲ್ಲಿ, ಕಸ ಬೀಳೋ ಜಾಗದಲ್ಲೇ ಕೂತಿದ್ದರು. ಕಸ ಒತ್ತೋ ಯಂತ್ರ ಇದ್ದಕ್ಕಿದ್ದ ಹಾಗೆ ಚಾಲೂ ಆಯ್ತು. ಇಬ್ಬರೂ ಕಸದ ಜೊತೆ ಅರೆದುಹೋದರು. ಗಂಟೆ ಲೆಕ್ಕದ ಕೂಲಿಗಳು ಅಂತ ಅವರಿಗೆ ಅಪಘಾತ ಪರಿಹಾರದ ರಕ್ಷಣೆ ಇರಲಿಲ್ಲ. ನಗರಾಡಳಿತ ಕೊಟ್ಟಿದ್ದು ಒಂದು ತಿಂಗಳ ಸಂಬಳ, ಮಣ್ಣು ಮಾಡೋಕೆ 500 ಡಾಲರ್.

ಫೆಬ್ರವರಿ 12ಕ್ಕೆ 1,300 ಜನ ಕೆಲಸಕ್ಕೆ ಹೋಗಲಿಲ್ಲ.

ಒಂದು ಮಾತು ಗಮನಿಸಿ. ಅವರ ಮುಂದಾಳು ಟಿ.ಓ. ಜೋನ್ಸ್ ಕೂಡ ಕಸ ಎತ್ತುತ್ತಿದ್ದವರೇ. ಸಂಘ ಕಟ್ಟೋಕೆ ಹೋಗಿ 1963ರಲ್ಲೇ ಕೆಲಸ ಕಳ್ಕೊಂಡವರು. 1966ರಲ್ಲಿ ಒಂದು ಮುಷ್ಕರಕ್ಕೆ ತಯಾರಿ ನಡೆದಿತ್ತು, ಕೋರ್ಟ್ ತಡೆಯಾಜ್ಞೆಗೆ ಬಿದ್ದುಹೋಯ್ತು. ಈ ಸಲ ರಾಷ್ಟ್ರಮಟ್ಟದ ಯೂನಿಯನ್ ನಾಯಕರಿಗೇ ಇಷ್ಟ ಇರಲಿಲ್ಲ. ಫೆಬ್ರವರಿ ಚಳಿಗಾಲ, ಕಸ ನಾರಲ್ಲ, ಮುಷ್ಕರಕ್ಕೆ ಇದು ಹೊತ್ತಲ್ಲ ಅನ್ನೋದು ಅವರ ಲೆಕ್ಕ. ಜನಾಭಿಪ್ರಾಯ ನೋಡಿಕೊಂಡು ದಿನ ಗೊತ್ತು ಮಾಡೋದಾಗಿದ್ರೆ ಆ ಮುಷ್ಕರ ನಡೀತಾನೇ ಇರಲಿಲ್ಲ. ಇಬ್ಬರು ಅರೆದುಹೋದ ಮೇಲೆ ಕಾರ್ಮಿಕರಿಗೆ ಪಂಚಾಂಗ ನೋಡೋ ತಾಳ್ಮೆ ಉಳಿದಿರಲಿಲ್ಲ.

ಬೇಡಿಕೆಗಳು ತೀರಾ ಸಾಧಾರಣ. ಯೂನಿಯನ್‌ಗೆ ಮಾನ್ಯತೆ ಕೊಟ್ಟು ಬರಹದ ಒಪ್ಪಂದ ಮಾಡಿಕೊಳ್ಳಿ. ವಂತಿಗೆಯನ್ನ ಸಂಬಳದಲ್ಲೇ ಕಡಿತ ಮಾಡಿ ಯೂನಿಯನ್‌ಗೆ ಕೊಡಿ. ಸಂಬಳ ಹೆಚ್ಚಿಸಿ. ದೂರು ಕೇಳೋಕೆ ಒಂದು ವ್ಯವಸ್ಥೆ ಮಾಡಿ. ಬಡ್ತಿಯಲ್ಲಿ ಬಣ್ಣ ನೋಡಬೇಡಿ.

ಎದುರಿಗಿದ್ದವರು ಮೇಯರ್ ಹೆನ್ರಿ ಲೋಬ್. ಲಾಂಡ್ರಿ ವ್ಯಾಪಾರದ ಶ್ರೀಮಂತ ಮನೆತನ. ಹಿಂದೆ ಇದೇ ಕಸದ ಇಲಾಖೆಯ ಉಸ್ತುವಾರಿ ನೋಡಿದವರು. ಆ ಜನವರಿಯಲ್ಲಷ್ಟೇ ಮೇಯರ್ ಕುರ್ಚಿಗೆ ಬಂದಿದ್ದರು, ಬಿಳಿಯರ ಓಟಿನಿಂದ.

ಈ ಲೋಬ್ ಮಾಡಿದ ಮೊದಲ ಕೆಲಸ ನೋಡಿ. ಮಾತುಕತೆಯೆಲ್ಲಾ ಪತ್ರಕರ್ತರ ಮುಂದೆ, ಟಿವಿ ಕ್ಯಾಮೆರಾ ಮುಂದೆ ನಡೀಬೇಕು ಅಂದರು. ನನ್ನ ಬಾಗಿಲು ತೆರೆದಿದೆ, ಮುಚ್ಚಿಡೋದು ಏನೂ ಇಲ್ಲ ಅನ್ನೋ ಧಾಟಿ. ಕೇಳೋಕೆ ಎಷ್ಟು ಚೆಂದ ಅಲ್ವಾ? ಯೂನಿಯನ್ ಪರವಾಗಿ ಹೊರಗಿಂದ ಬಂದಿದ್ದ ಪಿ.ಜೆ. ಚಿಯಾಂಪಾ ಒರಟು ಮನುಷ್ಯ. ಕ್ಯಾಮೆರಾ ಮುಂದೆಯೇ ಮೇಯರ್ ಮೇಲೆ ಕೂಗಾಡಿಬಿಟ್ಟರು. ಅದು ಮನೆಮನೆ ಟಿವಿಯಲ್ಲಿ ಬಂತು. ಬಿಳಿಯರ ಕಾರುಗಳ ಹಿಂದೆ "ಚಿಯಾಂಪಾ ಊರು ಬಿಟ್ಟು ತೊಲಗು" ಅನ್ನೋ ಅರ್ಥದ ಸ್ಟಿಕ್ಕರ್ ಬಂದವು. ಇಬ್ಬರು ಕಾರ್ಮಿಕರ ಸಾವು ಹಿಂದೆ ಸರೀತು. ಹೊರಗಿನವನೊಬ್ಬ ನಮ್ಮ ಮೇಯರ್‌ಗೆ ಮರ್ಯಾದೆ ಕೊಡಲಿಲ್ಲ ಅನ್ನೋದೇ ಸುದ್ದಿ ಆಯ್ತು.

ಮೇಯರ್ ಅಲ್ಲಿ ಯೂನಿಯನ್ ಜೊತೆ ಮಾತಾಡ್ತಾನೇ ಇರಲಿಲ್ಲ. ಯೂನಿಯನ್‌ನವರನ್ನ ಎದುರಿಗೆ ಕೂರಿಸಿಕೊಂಡು ತನ್ನ ಮತದಾರರ ಜೊತೆ ಮಾತಾಡ್ತಿದ್ದರು. ನಮ್ಮಲ್ಲೂ ಅಧಿಕಾರಿಗಳು "ಮಾಧ್ಯಮದವರ ಮುಂದೇನೇ ಮಾತಾಡೋಣ ಬನ್ನಿ" ಅಂದಾಗ ಇದನ್ನ ನೆನಪಿಟ್ಕೊಳ್ಳಿ.

ಊರಿನ ಎರಡು ದೊಡ್ಡ ಪತ್ರಿಕೆಗಳೂ ಮೇಯರ್ ಪರ. ಕಸದ ಡಬ್ಬದ ಮೇಲೆ ಕೂತ ಕರಿಯ ಕಾರ್ಮಿಕನನ್ನ ಕೊಳಕಾಗಿ ತೋರಿಸೋ ವ್ಯಂಗ್ಯಚಿತ್ರ ಬಂತು. ಬದಲಿ ಕೂಲಿಗಳನ್ನ ತಂದು ಪೊಲೀಸ್ ಕಾವಲಲ್ಲಿ ಲಾರಿ ಓಡಿಸಿದರು. ಸರ್ಕಾರಿ ನೌಕರರ ಮುಷ್ಕರವೇ ಕಾನೂನುಬಾಹಿರ ಅಂತ ಕೋರ್ಟ್‌ನಿಂದ ಆದೇಶ ತಂದರು.

ಇಲ್ಲಿ ಬಾಬಾಸಾಹೇಬರನ್ನ ನೆನೆಯಲೇಬೇಕು. 1938ರಲ್ಲಿ ಬಾಂಬೆ ಸರ್ಕಾರ ಕೈಗಾರಿಕಾ ವಿವಾದ ಮಸೂದೆ ತಂದು ಎಷ್ಟೋ ಮುಷ್ಕರಗಳನ್ನ ಅಪರಾಧ ಮಾಡೋಕೆ ಹೊರಟಾಗ, ಶಾಸನಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವರು ಅವರು. ಅವರ ವಾದದ ತಿರುಳು ಇಷ್ಟು: ಕೆಲಸ ಬಿಡೋದು ಒಪ್ಪಂದ ಮುರಿದ ಹಾಗೆ ಆಗಬಹುದು, ಅದು ಅಪರಾಧ ಅಲ್ಲ. ಮನುಷ್ಯನನ್ನ ಅವನ ಇಷ್ಟಕ್ಕೆ ವಿರುದ್ಧವಾಗಿ, ಜೈಲು ತೋರಿಸಿ ದುಡಿಸೋದು ಅಂದ್ರೆ ಗುಲಾಮಗಿರಿ. ಅದೇ ವರ್ಷ ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಮತ್ತು ಕಮ್ಯುನಿಸ್ಟರು ಒಟ್ಟಿಗೆ ಸೇರಿ ಬಾಂಬೆಯಲ್ಲಿ ಒಂದು ದಿನದ ಮುಷ್ಕರ ನಡೆಸಿದರು. ಮೂವತ್ತು ವರ್ಷ ಆದ್ಮೇಲೆ ಮೆಂಫಿಸ್ ಮೇಯರ್ ಕೈಯಲ್ಲಿದ್ದಿದ್ದೂ ಅದೇ ಆಯುಧ.

ಸರಿ, ಮೆಂಫಿಸ್‌ಗೆ ವಾಪಸ್ ಹೋಗೋಣ. ಆ ಹುಡುಗನ ಲೆಕ್ಕದ ಪ್ರಕಾರ ಮುಷ್ಕರ ಅಲ್ಲಿಗೆ ಮುಗೀಬೇಕಿತ್ತು. ಪೇಪರ್ ವಿರುದ್ಧ, ಟಿವಿ ವಿರುದ್ಧ, ಕೋರ್ಟ್ ವಿರುದ್ಧ, ಬಿಳಿಯ ಮನೆಗಳ ಅಭಿಪ್ರಾಯ ವಿರುದ್ಧ.

ಅದೇ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲೂ ಕಸದ ಮುಷ್ಕರ ನಡೀತು. ಅಲ್ಲಿನ ಕಾರ್ಮಿಕರಲ್ಲಿ ಹೆಚ್ಚಿನವರು ಬಿಳಿಯರು. ಜನ ಅಲ್ಲೂ ಬೈದರು, ಮೇಯರ್ ಅಲ್ಲೂ ಗುಡುಗಿದರು. ಆದ್ರೆ ಬೀದಿಬೀದಿಯಲ್ಲಿ ಕಸದ ರಾಶಿ ಬಿದ್ದು ಒಂಬತ್ತೇ ದಿನಕ್ಕೆ ರಾಜ್ಯದ ಗವರ್ನರ್ ಮಧ್ಯೆ ಬರಬೇಕಾಯ್ತು. ಅಂದ್ರೆ ಜನಕ್ಕೆ ಸಿಟ್ಟು ಬಂದ್ರೆ ಯೂನಿಯನ್ ಸೋಲುತ್ತೆ ಅನ್ನೋದು ಸುಳ್ಳು. ಆ ಸಿಟ್ಟು ಕೊನೆಗೆ ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತೆ ಅನ್ನೋದು ಮುಖ್ಯ. ಮೆಂಫಿಸ್‌ನಲ್ಲಿ ಬದಲಿ ಕೂಲಿಗಳಿದ್ದರು, ಚಳಿ ಇತ್ತು, ಕಾರ್ಮಿಕರು ಕರಿಯರಾಗಿದ್ದರು. ಸಿಟ್ಟೆಲ್ಲಾ ಅವರ ಮೇಲೇ ಉಳೀತು.

ಆಗ ಅವರು ಬೇರೆ ದಾರಿ ಹಿಡಿದರು. ಫೆಬ್ರವರಿ 22ರಂದು ನಗರಸಭೆಯೊಳಗೆ ನೂರಾರು ಜನ ಹೋಗಿ ಕೂತುಬಿಟ್ಟರು. ನಗರಸಭೆಯ ಉಪಸಮಿತಿ ಮಾನ್ಯತೆ ಕೊಡೋಣ ಅಂತ ಶಿಫಾರಸು ಮಾಡ್ತು. ಮರುದಿನ ಪೂರ್ತಿ ಸಭೆ ಕೈಚೆಲ್ಲಿ ಎಲ್ಲಾ ಮೇಯರ್‌ಗೆ ಬಿಟ್ಟಿತು. ಕಾರ್ಮಿಕರು ಮೆರವಣಿಗೆ ಹೊರಟರು. ಪೊಲೀಸರು ಕಣ್ಣು ಉರಿಯೋ ರಾಸಾಯನಿಕ ಸ್ಪ್ರೇ ಹೊಡೆದರು. ಕಾರ್ಮಿಕರಿಗಷ್ಟೇ ಅಲ್ಲ, ಜೊತೆಗಿದ್ದ ಕರಿಯ ಪಾದ್ರಿಗಳಿಗೂ.

ಇದೇ ತಿರುವು. ಅಲ್ಲಿವರೆಗೂ ಕರಿಯರ ಊರಲ್ಲೇ ಎಷ್ಟೋ ಮಧ್ಯಮ ವರ್ಗದವರು ಇದು "ಕಸದವರ" ಗಲಾಟೆ ಅಂತ ದೂರ ನಿಂತಿದ್ದರು. ಪಾದ್ರಿಗಳ ಕಣ್ಣಿಗೇ ಸ್ಪ್ರೇ ಬಿದ್ದಾಗ, ನಾವು ಮೇಷ್ಟ್ರಾಗಿರಲಿ ವಕೀಲರಾಗಿರಲಿ ಪೊಲೀಸರ ಲಾಠಿಗೆ ಎಲ್ಲಾ ಒಂದೇ ಅನ್ನೋದು ಗೊತ್ತಾಯ್ತು. ಮರುದಿನವೇ ಸುಮಾರು 150 ಪಾದ್ರಿಗಳು ಸೇರಿ ಒಂದು ಹೋರಾಟ ಸಮಿತಿ ಕಟ್ಟಿದರು.

ಅದರ ಮುಂದಾಳು ಜೇಮ್ಸ್ ಲಾಸನ್. ಇವರು 1953ರಿಂದ 56ರವರೆಗೆ ಇದ್ದಿದ್ದು ನಾಗಪುರದಲ್ಲಿ, ಹಿಸ್ಲಾಪ್ ಕಾಲೇಜಿನಲ್ಲಿ. ಅಹಿಂಸಾ ಹೋರಾಟದ ಪಾಠ ಕಲಿತಿದ್ದು ಅಲ್ಲಿ. ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಸುದ್ದಿ ಓದಿದ್ದೂ ನಾಗಪುರದ ಪೇಪರ್‌ನಲ್ಲಿ. 1956ರ ಅಕ್ಟೋಬರ್‌ನಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಧಮ್ಮ ದೀಕ್ಷೆ ತಗೊಂಡ ಅದೇ ನಾಗಪುರ.

ಲಾಸನ್ ಮತ್ತು ಜೊತೆಗಾರರು ಮಾಡಿದ್ದೇನು? ಬಿಳಿಯರ ಮನಸ್ಸು ಕರಗಲಿ ಅಂತ ಕಾಯುತ್ತಾ ಕೂರಲಿಲ್ಲ. ತಮ್ಮದೇ ಜನರನ್ನ ಲೆಕ್ಕಕ್ಕೆ ತಂದರು. ಊರಿನ ಸುಮಾರು ಶೇ. 40ರಷ್ಟು ಜನ ಕರಿಯರು. ಅವರು ಪೇಟೆಗೆ ಹೋಗಿ ಸಾಮಾನು ಕೊಳ್ಳೋದು ನಿಲ್ಲಿಸಿದರು. ಈಸ್ಟರ್ ಹಬ್ಬಕ್ಕೆ ಹೊಸ ಬಟ್ಟೆ ಬೇಡ ಅಂದರು. ಆ ಎರಡು ಪೇಪರ್‌ಗಳನ್ನೂ ಬಹಿಷ್ಕಾರ ಮಾಡಿದರು. ಮೇಯರ್ ಮನೆತನದ ಹೆಸರಿನ ಲಾಂಡ್ರಿಗಳಿಗೂ ಬಟ್ಟೆ ಕೊಡೋದು ಬಿಟ್ಟರು. ಚರ್ಚ್‌ಗಳಲ್ಲಿ ರಾತ್ರಿ ಸಭೆ, ಅಲ್ಲೇ ಕಾಣಿಕೆ ಸಂಗ್ರಹ, ಮುಷ್ಕರದವರ ಮನೆಗೆ ದಿನಸಿ, ಬಾಡಿಗೆಗೆ ಹಣ. ಪ್ರತಿದಿನ ಮೆರವಣಿಗೆ.

ನೋಡಿ, ಅಭಿಪ್ರಾಯ ಇಲ್ಲಿ ಬರೀ ಅಭಿಪ್ರಾಯವಾಗಿ ಉಳೀಲಿಲ್ಲ. ಪೇಟೆಯ ಗಲ್ಲಾಪೆಟ್ಟಿಗೆಗೆ ತಟ್ಟೋ ಏಟಾಯ್ತು, ಕಾರ್ಮಿಕನ ಮನೆಗೆ ಅಕ್ಕಿಯಾಯ್ತು. ಸಹಾನುಭೂತಿಗೆ ತೂಕ ಬರೋದು ಹೀಗೆ.

ಮಾರ್ಚ್ 18ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಬಂದರು. ಸಾವಿರಾರು ಜನ ಕಿಕ್ಕಿರಿದ ಸಭೆಯಲ್ಲಿ, ಮೆಂಫಿಸ್‌ನ ಕರಿಯರೆಲ್ಲಾ ಒಂದು ದಿನ ಕೆಲಸ ನಿಲ್ಲಿಸೋಣ ಅಂತ ಕರೆ ಕೊಟ್ಟರು. ಗೊತ್ತು ಮಾಡಿದ ದಿನ ಊರನ್ನೇ ಮುಚ್ಚಿಹಾಕೋ ಹಿಮ ಸುರೀತು. ಮಾರ್ಚ್ 28ಕ್ಕೆ ಮತ್ತೆ ಮೆರವಣಿಗೆ. ಹಿಂದಿನ ಸಾಲಲ್ಲಿ ಕೆಲವರು ಅಂಗಡಿ ಗಾಜು ಒಡೆದರು, ಪೊಲೀಸರು ಎಲ್ಲರನ್ನೂ ಬಡಿದರು. ಲ್ಯಾರಿ ಪೇನ್ ಅನ್ನೋ 16 ವರ್ಷದ ಹುಡುಗನನ್ನ ಪೊಲೀಸರು ಗುಂಡಿಟ್ಟು ಕೊಂದರು. ಕರ್ಫ್ಯೂ ಬಂತು, ಸುಮಾರು 4,000 ಸೈನಿಕರು ಬಂದರು. ಪೇಪರ್‌ಗಳಿಗೆ ಹಬ್ಬ. ನೋಡಿದ್ರಾ, ನಾವು ಮೊದಲೇ ಹೇಳಿರಲಿಲ್ವಾ ಅಂತ.

ಮರುದಿನ ಕಾರ್ಮಿಕರು ಮನೆಯಲ್ಲಿ ಕೂರಲಿಲ್ಲ. ಸೈನಿಕರ ಬಂದೂಕು, ಟ್ಯಾಂಕುಗಳ ಪಕ್ಕದಲ್ಲೇ ಒಬ್ಬರ ಹಿಂದೆ ಒಬ್ಬರು ನಡೆದರು. ಎದೆ ಮೇಲೆ ಬೋರ್ಡು: "ನಾನು ಮನುಷ್ಯ". ಬೋರ್ಡಿನ ಮೇಲೆ ಸಂಬಳದ ಅಂಕಿ ಇರಲಿಲ್ಲ, ಬೇರೆ ಬೇಡಿಕೆ ಇರಲಿಲ್ಲ. ಅದೊಂದೇ ಮಾತು. ಐವತ್ತು ವರ್ಷದ ಗಂಡಸನ್ನೂ "ಏ ಹುಡುಗಾ" ಅಂತ ಕರೆಯೋ ಊರಲ್ಲಿ ಅದೊಂದು ಮಾತು ಸಾಕಿತ್ತು. "ಏ", "ಲೇ" ಅಂತ ಕರೆಸಿಕೊಂಡು ಬೆಳೆದ ನಮಗೆ ಆ ಬೋರ್ಡಿನ ತೂಕ ಗೊತ್ತು.

ಏಪ್ರಿಲ್ 4ರ ಸಂಜೆ ಕಿಂಗ್ ಅವರನ್ನ ಅದೇ ಊರಲ್ಲಿ, ಲೊರೇನ್ ಮೋಟೆಲ್ ಬಾಲ್ಕನಿಯಲ್ಲಿ ಗುಂಡಿಟ್ಟು ಕೊಂದರು.

ಆಮೇಲೆ ಜನಾಭಿಪ್ರಾಯ ತಿರುಗಿತು. ಮರುದಿನ ಕರಿಯ, ಬಿಳಿಯ ಧರ್ಮಗುರುಗಳು ಒಟ್ಟಿಗೆ ಮೇಯರ್ ಕಚೇರಿಗೆ ನಡೆದರು. ಊರಿನ ಯಹೂದಿ ಗುರು ಜೇಮ್ಸ್ ವ್ಯಾಕ್ಸ್ ಮೇಯರ್ ಮುಖಕ್ಕೇ, ಈ ಊರಿನ ಕಾನೂನಿಗಿಂತ ದೊಡ್ಡ ಕಾನೂನು ಇದೆ ಅಂತ ಹೇಳಿದರು. ಅಮೆರಿಕದ ಅಧ್ಯಕ್ಷ ಜಾನ್ಸನ್ ತಮ್ಮ ಕಾರ್ಮಿಕ ಇಲಾಖೆಯ ಜೇಮ್ಸ್ ರೆನಾಲ್ಡ್ಸ್ ಅವರನ್ನ ಸಂಧಾನಕ್ಕೆ ಕಳಿಸಿದರು. ಏಪ್ರಿಲ್ 8ಕ್ಕೆ ಕೊರೆಟ್ಟಾ ಕಿಂಗ್ ಮುಂದೆ ನಿಂತು ಹತ್ತಾರು ಸಾವಿರ ಜನರ ಮೌನ ಮೆರವಣಿಗೆ ನಡೆಸಿದರು. ಗಂಡನ ಅಂತ್ಯಸಂಸ್ಕಾರಕ್ಕೆ ಒಂದು ದಿನ ಮೊದಲು.

ಅಷ್ಟಾದ್ರೂ ಮೇಯರ್ ಬಗ್ಗಲಿಲ್ಲ. ಇದನ್ನ ಮರೀಬೇಡಿ. ಇಡೀ ಜಗತ್ತು ನೋಡ್ತಿದ್ರೂ ವಂತಿಗೆ ಕಡಿತಕ್ಕೆ ಒಪ್ಪಲ್ಲ ಅಂತ ಕೂತಿದ್ದರು. ಅದಕ್ಕೆ ಮೇಜಿನಲ್ಲೇ ದಾರಿ ಹುಡುಕಬೇಕಾಯ್ತು. ವಂತಿಗೆ ನೇರವಾಗಿ ಯೂನಿಯನ್‌ಗೆ ಬೇಡ, ನೌಕರರ ಪತ್ತಿನ ಸಹಕಾರ ಸಂಘದ ಮೂಲಕ ಹೋಗಲಿ ಅಂತಾಯ್ತು. ಸಂಬಳ ಹೆಚ್ಚಿಸೋಕೆ ದುಡ್ಡಿಲ್ಲ ಅಂದ್ರು. ಊರಿನ ಉದ್ಯಮಿ ಏಬ್ ಪ್ಲೌ ಶುರುವಿನ ಹೆಚ್ಚಳಕ್ಕೆ ಬೇಕಾದ ಹಣ ತಾವೇ ಕೊಟ್ಟರು. ಮೂರು ಸಾವಿಗೆ, ಇನ್ನು ಕಿಂಗ್ ಸಾವಿಗೆ ಅಡ್ಡ ನಿಂತಿದ್ದ "ದುಡ್ಡಿಲ್ಲ" ಅನ್ನೋ ನೆಪ ಒಂದು ಚೆಕ್‌ನಲ್ಲಿ ತೀರಿಹೋಯ್ತು.

ಏಪ್ರಿಲ್ 16ಕ್ಕೆ ಒಪ್ಪಂದ. ಯೂನಿಯನ್‌ಗೆ ಮಾನ್ಯತೆ, ದೂರು ಕೇಳೋ ವ್ಯವಸ್ಥೆ, ಬಡ್ತಿಯಲ್ಲಿ ತಾರತಮ್ಯ ಇಲ್ಲ, ಗಂಟೆಗೆ ಮೇ ತಿಂಗಳಿಂದ 10 ಸೆಂಟ್, ಸೆಪ್ಟೆಂಬರ್‌ನಿಂದ ಇನ್ನೂ 5 ಸೆಂಟ್. ಎಲ್ಲಾ ಬರಹದಲ್ಲಿ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಜನಾಭಿಪ್ರಾಯ ಮುಖ್ಯನಾ? ಮುಖ್ಯ. ಆದ್ರೆ ಮೂರು ಮಾತು ಸೇರಿಸಿ ಹೇಳಬೇಕು.

ಒಂದು, "ಜನ" ಅಂದ್ರೆ ಒಂದೇ ಗುಂಪಲ್ಲ. ಪೇಪರ್ ಯಾರನ್ನ "ಸಾರ್ವಜನಿಕರು" ಅಂತ ಬರೆಯುತ್ತೋ ಅವರಷ್ಟೇ ಜನ ಅಲ್ಲ. "ಮುಷ್ಕರದಿಂದ ಸಾರ್ವಜನಿಕರಿಗೆ ತೊಂದರೆ" ಅಂತ ಹೆಡ್‌ಲೈನ್ ಬರುವಾಗ ಆ ಸಾರ್ವಜನಿಕರಲ್ಲಿ ಪೌರಕಾರ್ಮಿಕರ ಕೇರಿ ಸೇರಿರಲ್ಲ. ಮೆಂಫಿಸ್‌ನವರು ಆ ಪಟ್ಟಿಗೆ ತಮ್ಮನ್ನ ಸೇರಿಸಿ ಅಂತ ಅರ್ಜಿ ಹಾಕಲಿಲ್ಲ. ತಮ್ಮದೇ ಸಾರ್ವಜನಿಕರನ್ನ ಕಟ್ಟಿದರು.

ಯೂನಿಯನ್ ಒಳಗೂ ಒಂದು ಸಾರ್ವಜನಿಕ ಇರುತ್ತೆ ಅನ್ನೋದನ್ನೂ ಮರೀಬಾರದು. 1928ರ ಬಾಂಬೆ ಬಟ್ಟೆ ಗಿರಣಿ ಮುಷ್ಕರ ನೆನಪಿದೆಯಲ್ಲ? ನೇಯ್ಗೆ ವಿಭಾಗದಲ್ಲಿ ಸಂಬಳ ಜಾಸ್ತಿ, ಆದ್ರೆ ನಮ್ಮವರಿಗೆ ಪ್ರವೇಶ ಇಲ್ಲ. ಮುರಿದ ನೂಲನ್ನ ಬಾಯಲ್ಲಿ ಎಳೀಬೇಕು, ಎಂಜಲು ಮುಟ್ಟಿದ್ರೆ ಮೈಲಿಗೆ ಅಂತ ಜೊತೆಗಾರ ಕಾರ್ಮಿಕರದ್ದೇ ತಕರಾರು. ಬಾಬಾಸಾಹೇಬರು ಮುಷ್ಕರದ ನಾಯಕರಿಗೆ ಖಡಾಖಂಡಿತವಾಗಿ ಹೇಳಿದರು: ಇದನ್ನ ಬೇಡಿಕೆಯಲ್ಲಿ ಸೇರಿಸಿ, ಇಲ್ಲಾಂದ್ರೆ ನಮ್ಮವರು ನಿಮ್ಮ ಜೊತೆ ಇರಲ್ಲ. ಮನಸ್ಸಿಲ್ಲದ ಮನಸ್ಸಿಂದ ಸೇರಿಸಿದರು. ಹೊರಗಿನ ಜನಾಭಿಪ್ರಾಯದ ಚಿಂತೆ ಮಾಡೋ ಎಲ್ಲಾ ಯೂನಿಯನ್‌ಗಳೂ ಒಳಗಿನ ಜಾತಿಯ ಅಭಿಪ್ರಾಯಕ್ಕೂ ಉತ್ತರ ಕೊಡಬೇಕು.

ಎರಡು, ತೂಕ ಇಲ್ಲದ ಅಭಿಪ್ರಾಯಕ್ಕೆ ಮೇಜಿನ ಹತ್ರ ಜಾಗ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ನಮ್ಮ ಪೌರಕಾರ್ಮಿಕರಿಗೆ ಚಪ್ಪಾಳೆ ತಟ್ಟಿದರು, ಹೂವು ಎಸೆದರು, ಹಾರ ಹಾಕಿದರು. ಜನಾಭಿಪ್ರಾಯ ಅಂದ್ರೆ ಅದಕ್ಕಿಂತ ಒಳ್ಳೇದು ಇನ್ನೇನು ಬೇಕು? ಕೆಲಸ ಕಾಯಂ ಆಯ್ತಾ? ಇಲ್ಲ. 2022ರ ಜುಲೈ 1ರಿಂದ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಬಾಯಿಮಾತಿನ ಭರವಸೆ ಬೇಡ, ಬರಹದಲ್ಲಿ ಕೊಡಿ ಅಂದರು. ನಾಲ್ಕನೇ ದಿನಕ್ಕೆ ಲಿಖಿತ ಭರವಸೆ ಬಂತು. ಆ ಸೆಪ್ಟೆಂಬರ್‌ನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಹುದ್ದೆಗಳ ಕಾಯಮಾತಿಗೆ ಸಚಿವ ಸಂಪುಟ ಒಪ್ಪಿತು. ಚಪ್ಪಾಳೆ ಎರಡು ವರ್ಷದಲ್ಲಿ ಮಾಡದ ಕೆಲಸವನ್ನ ಕೆಳಗಿಟ್ಟ ಪೊರಕೆ ನಾಲ್ಕು ದಿನದಲ್ಲಿ ಮಾಡ್ತು.

ಮೂರು, ಅಭಿಪ್ರಾಯ ಬಾಗಿಲವರೆಗೂ ಬರುತ್ತೆ, ಒಳಗೆ ಬಂದು ಸಹಿ ಹಾಕಲ್ಲ. ಕಾಗದದಲ್ಲಿ ಏನು ಬರೀತೀವಿ ಅನ್ನೋದು ನಮ್ಮ ಕೆಲಸ. ಮೆಂಫಿಸ್‌ನ ಕತೆಗೆ ಒಂದು ಕಹಿ ಬಾಲ ಇದೆ. ಆ ಹೊತ್ತಲ್ಲಿ ಕಾರ್ಮಿಕರು ನಗರಾಡಳಿತದ ಪಿಂಚಣಿ ಬಿಟ್ಟು ದೇಶದ ಸಾಮಾಜಿಕ ಭದ್ರತಾ ಯೋಜನೆಯನ್ನ ಆರಿಸಿಕೊಂಡಿದ್ದರು. ವಯಸ್ಸಾದ ಮೇಲೆ ಅದು ಸಾಲಲಿಲ್ಲ. ಎಷ್ಟೋ ಜನ ಎಪ್ಪತ್ತು ದಾಟಿದ ಮೇಲೂ ಕಸ ಎತ್ತುತ್ತಲೇ ಇದ್ದರು. ಅಷ್ಟರಲ್ಲಿ ಜಗತ್ತು ಅವರನ್ನ ವೀರರು ಅಂತ ಕೊಂಡಾಡ್ತಿತ್ತು. ಲೊರೇನ್ ಮೋಟೆಲ್ ಮ್ಯೂಸಿಯಂ ಆಗಿತ್ತು, "ನಾನು ಮನುಷ್ಯ" ಅನ್ನೋ ಬೋರ್ಡು ಟೀಶರ್ಟಿನ ಮೇಲೆ ಬಂದಿತ್ತು. ಬದುಕುಳಿದಿದ್ದ ಬೆರಳೆಣಿಕೆಯ ಹಳಬರಿಗೆ ನಗರಾಡಳಿತ ವಿಶೇಷ ಧನಸಹಾಯ ಘೋಷಿಸಿದ್ದು 2017ರಲ್ಲಿ. ಸುಮಾರು ಐವತ್ತು ವರ್ಷದ ಹೊಗಳಿಕೆ ಅವರಿಗೆ ಒಂದು ನೆಮ್ಮದಿಯ ಮುಪ್ಪನ್ನ ಕೊಡಲಿಲ್ಲ. ಒಪ್ಪಂದದಲ್ಲಿ ಇಲ್ಲದ್ದನ್ನ ಜನಾಭಿಪ್ರಾಯ ತುಂಬಿಕೊಡಲ್ಲ.

ಇನ್ನೊಂದು ಮಾತು ಹೇಳದೇ ಇರೋಕಾಗಲ್ಲ. ಊರಿನ ದೊಡ್ಡವರ ಅಭಿಪ್ರಾಯ ತಿರುಗೋಕೆ ಒಬ್ಬ ಕಿಂಗ್ ಸಾಯಬೇಕಾಯ್ತು. ಲಾರಿಯಲ್ಲಿ ಅರೆದುಹೋದ ಇಬ್ಬರ ಸಾವು ಅದಕ್ಕೆ ಸಾಲಲಿಲ್ಲ. ಗುಂಡೇಟಿಗೆ ಬಿದ್ದ ಹುಡುಗನ ಸಾವೂ ಸಾಲಲಿಲ್ಲ. ನಮ್ಮಲ್ಲೂ ಮ್ಯಾನ್‌ಹೋಲಿಗೆ ಇಳಿದವರು ಹೆಣವಾಗಿ ಮೇಲೆ ಬಂದಾಗ ಒಂದು ದಿನ ಸುದ್ದಿ, ಎರಡನೇ ದಿನ ಮೌನ. ಸಾವು ತಂದುಕೊಡೋ ಜನಾಭಿಪ್ರಾಯವನ್ನ ಕಾಯ್ಕೊಂಡು ಕೂರೋ ಸ್ಥಿತಿ ನಮ್ಮ ಯಾವ ಸಂಘಕ್ಕೂ ಬರಬಾರದು.

ಅದಕ್ಕೇ ಕೇಳ್ಕೊಳ್ತೀನಿ. ಮುಂದಿನ ಸಲ ನಿಮ್ಮೂರಲ್ಲಿ ಪೌರಕಾರ್ಮಿಕರು ಕೂತಾಗ ಫೇಸ್‌ಬುಕ್‌ನಲ್ಲಿ ಬೆಂಬಲ ಅಂತ ಹಾಕಿ ಸುಮ್ಮನಾಗಬೇಡಿ. ನಿಮ್ಮ ಮನೆ ಕಸವನ್ನ ಮನೆಯಲ್ಲೇ ಇಟ್ಕೊಳ್ಳಿ, ಬದಲಿ ಲಾರಿಗೆ ಹಾಕಬೇಡಿ. ಧರಣಿ ಜಾಗಕ್ಕೆ ಅಕ್ಕಿ, ಬೇಳೆ, ನೀರು ತಲುಪಿಸಿ. ಫೋನ್ ಮಾಡೋದಾದ್ರೆ ಕಾರ್ಪೊರೇಟರ್‌ಗೆ, ಎಂಎಲ್ಎಗೆ ಮಾಡಿ, "ಯಾಕೆ ಒಪ್ಪಂದ ಮಾಡ್ತಿಲ್ಲ?" ಅಂತ ಕೇಳಿ. ಯೂನಿಯನ್‌ನವರೇ, ಮೇಜಿಂದ ಎದ್ದು ಬರೋ ಮುಂಚೆ ಕಾಗದ ಇನ್ನೊಮ್ಮೆ ಓದಿ, ನಿವೃತ್ತಿಯ ಸಾಲು ಇದೆಯಾ ಅಂತ ನೋಡಿ.

ಆ ಅಕ್ಕನಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಈಗ ಹೇಳ್ತೀನಿ: ಹೌದಕ್ಕ, ನೀವೇ ಜನ. ಮಿಕ್ಕವರು ನಿಮ್ಮ ಜೊತೆ ಬರಬೇಕು.

ಜೈಭೀಮ್.